ಮೋರಿಸ್ಸಿನ ನೆತ್ತಿಗೆ ಎಣ್ಣೆ

ಏಪ್ರಿಲ್ 2, ಸಂಜೆ

ಇವತ್ತೂ ನನ್ನ ಹಳೆಯ ಮೋರಿಸ್ ಕಾರು ಏರಿನಲ್ಲಿ ಕೆಮ್ಮಿತು. ಎರಡು ಸಲ ನಿಂತಿತು. ಹಿಂದಿನ ಬಸ್ಸಿನವನು ಹಾರನ್ ಹೊಡೆದ. ಇಳಿದು ಬಾನೆಟ್ ಎತ್ತಿ, ಡಾಕ್ಟರ ಹಾಗೆ ತಲೆ ಆಡಿಸಿದೆ. ಜನ ಸೇರಿದರು. ನಮ್ಮ ಬೆಟ್ಟದೂರು ಬಂಡಾರವೆಲದಲ್ಲಿ ಹೊಸ ಕಾರನ್ನು ಯಾರೂ ನಿಂತು ನೋಡುವುದಿಲ್ಲ.

ಕಾರ್ಬುರೇಟರ್ ಸವೆದಿದೆ. ಐವತ್ತು ವರ್ಷ ಪೆಟ್ರೋಲಿಗೆ ಗಾಳಿ ಕಲಸಿ ಎಂಜಿನ್ನಿಗೆ ಉಣ್ಣಿಸಿದ ಜೀವ. ನನ್ನ ಮೊಣಕಾಲೂ ಸವೆದಿದೆ... ಅದನ್ನು ಬದಲಾಯಿಸು ಎಂದು ಯಾರೂ ಹೇಳಿಲ್ಲ.

23ಕ್ಕೆ ದುಲ್ಮಿನಿ ಮದುವೆ. ತಂಗಿ ಮಗಳು. ನಮ್ಮ ಮನೆಯಿಂದಲೇ ಹೊರಡುವುದು, ಬೆಳಿಗ್ಗೆ 6:42ರ ಮುಹೂರ್ತಕ್ಕೆ. ಏಳು ವರ್ಷದವಳಿದ್ದಾಗ ಹಿಂದಿನ ಸೀಟಿನ ಮೇಲೆ ನಿಂತು ಹೇಳಿದ್ದಳು — "ಮಾಮಾ, ನನ್ ಮದ್ವೆಗೂ ಇದೇ ಕಾರು. ನೀನೇ ಡ್ರೈವರು." ಆಯಿತು ಎಂದಿದ್ದೆ. ಈ ಗುಣಪಾಲ ಆಯಿತು ಎಂದರೆ ಆಯಿತು.

ಏಪ್ರಿಲ್ 4

ಜಯಲತ್ ಬಂದ. ತಂಗಿಯ ಗಂಡ, ದುಲ್ಮಿನಿಯ ಅಪ್ಪ. ಕಂಕುಳಲ್ಲಿ ರಟ್ಟಿನ ಡಬ್ಬಿ.

"ಬಾವ, ಜಪಾನಿ ಕಾರ್ಬುರೇಟರು. ಕೊಲಂಬೋದಿಂದ ತರ್ಸಿದೀನಿ. ಹಳೇದು ಕಿತ್ತು ಬಿಸಾಕಿ. ಊರಲ್ಲಿ ಅರ್ಧ ಮೋರಿಸ್‌ಗಳಿಗೆ ಇದೇ ಇರೋದು."

"ಅರ್ಧ ಊರಿಗೆ ಕಟ್ಟಿಸಿದ ಹಲ್ಲಿದೆ. ಅಂತ ನಾನೂ ಕೀಳಿಸ್ಕೊಳ್ಲಾ?"

"ತಮಾಷೆ ಬಿಡಿ ಬಾವ. ಮದುವಣಗಿತ್ತಿ ನಡುದಾರೀಲಿ ನಿಂತ್ರೆ?"

"ನಿಂತ್ರೆ ಈ ಮೀಸೆ ಬೋಳಿಸ್ತೀನಿ. ಮದ್ವೆ ಮನೇಲೇ, ಎಲ್ರ ಎದುರಿಗೆ."

ಒಳಗಿನಿಂದ ಸುಮನಾವತಿ — "ಅಣ್ಣಾ, ಆ ಮೀಸೆ ನಂಬ್ಬೇಡಿ. ನಮ್ ಮದ್ವೆ ಆದಾಗಿಂದ ಐದು ಸಲ ಪಣಕ್ಕೆ ಹೋಗಿದೆ. ಹಾಗೇ ಇದೆ."

ಹೆಂಡತಿ ಎಂದರೆ ಇವಳು. ಜಯಲತ್ ಡಬ್ಬಿ ಬಿಟ್ಟು ಹೋದ. ಒಂದು ಬಿಳಿ ಬಾಡಿಗೆ ಕಾರನ್ನೂ ಗೊತ್ತು ಮಾಡಿದ್ದಾನಂತೆ. ಬೇಕಾದರೆ ಇರಲಿ ಎಂದು.

ಏಪ್ರಿಲ್ 5

ಡಬ್ಬಿ ಬಿಚ್ಚಿ ನೋಡಿದೆ. ಯಾರೂ ಓದದ ಜಾಗ, ಬರೆದುಬಿಡುತ್ತೇನೆ — ಮಾಲು ಚೆನ್ನಾಗಿದೆ. ಅರ್ಧ ದಿನದ ಕೆಲಸ. ಕೂರಿಸಿದರೆ ಮದುವೆವರೆಗೆ ಕಾಲು ಚಾಚಿ ಮಲಗಬಹುದು.

ಆಮೇಲೆ ಹಳೆಯದರ ಮುಂದೆ ಕೂತೆ. ನಾನು ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದ ಪುಸ್ತಕ ಈ ಕಾರ್ಬುರೇಟರ್ ಒಂದೇ. ಒಳಗಿನ ಪಿಸ್ಟನ್ನನ್ನು ಬೆರಳಲ್ಲಿ ಎತ್ತಿ ಬಿಟ್ಟರೆ ಟಕ್ ಎಂದು ಬೀಳಬೇಕು. ಅಪ್ಪ ಕಲಿಸಿದ್ದು. ಈಗ ಟಕ್ ಇಲ್ಲ. ಮುದುಕ ಕುರ್ಚಿಯಲ್ಲಿ ಕೂತ ಹಾಗೆ ಮೆಲ್ಲಗೆ ಇಳಿಯುತ್ತದೆ.

ಜಪಾನಿಯನ್ನು ಮಂಚದಡಿ ತಳ್ಳಿದೆ. ರಿಪೇರಿಯೇ.

ಏಪ್ರಿಲ್ 12

ಲೇತ್ ಅಂಗಡಿಯ ಸೆಲ್ಲಯ್ಯ ಕಾರ್ಬುರೇಟರಿನ ಸವೆದ ಜಾಗಕ್ಕೆ ಹೊಸ ಹಿತ್ತಾಳೆ ಬುಷ್ ಕಡೆದು ಕೂರಿಸಿ ಕೊಟ್ಟ. ಬಟ್ಟೆಯಲ್ಲಿ ಸುತ್ತಿ, ಕೂಸಿನ ಹಾಗೆ ಕೈಗಿಟ್ಟ.

"ಮಾಮ, ನೀವು ಸತ್ ಮೇಲೂ ಇದು ಓಡತ್ತೆ."

"ಓಡ್ಲಿ. ಓಡ್ಸೋರು ಯಾರು ಅನ್ನೋದೇ ಚಿಂತೆ."

ಏಪ್ರಿಲ್ 13

ಹೊಸ ವರ್ಷದ ಪುಣ್ಯಕಾಲ. ಒಲೆ ಹಚ್ಚುವಂತಿಲ್ಲ, ಕೆಲಸ ಮಾಡುವಂತಿಲ್ಲ. ಸ್ಕ್ರೂಡ್ರೈವರ್ ಕಡೆ ನೋಡಿದರೂ ಸುಮನಾ ಕೆಮ್ಮುತ್ತಾಳೆ. ಕಾರ್ಬುರೇಟರ್ ಮೇಜಿನ ಮೇಲೆ ಬಿಚ್ಚಿಕೊಂಡು ಬಿದ್ದಿದೆ. ಕೈ ಕಟ್ಟಿ ಕೂತಿದ್ದೇನೆ.

ಏಪ್ರಿಲ್ 16, ಮಧ್ಯಾಹ್ನ

ಹೊಸ ವರ್ಷದ ಎಣ್ಣೆ ಹಚ್ಚುವ ದಿನ. ಮನೆಗೆ ಹಿರಿಯ ನಾನೇ. ತಲೆಯ ಮೇಲೊಂದು ಎಲೆ, ಪಾದದಡಿ ಒಂದು ಎಲೆ, ಸಾಲಾಗಿ ಎಲ್ಲರ ನೆತ್ತಿಗೂ ತೆಂಗಿನೆಣ್ಣೆ ಒತ್ತಿ ಹರಸಿದೆ. ಜಯಲತ್‌ನ ಬೋಳು ತಲೆಗೆ ಸ್ವಲ್ಪ ಜಾಸ್ತಿಯೇ.

ಬಟ್ಟಲಲ್ಲಿ ಎಣ್ಣೆ ಉಳಿಯಿತು. ನಿನ್ನೆ ಜೋಡಿಸಿ ಎಂಜಿನ್ನಿಗೆ ಕೂರಿಸಿದ ಕಾರ್ಬುರೇಟರ್ ನೆತ್ತಿಯಲ್ಲೂ ಪಿಸ್ಟನ್ನಿಗೆಂದು ಒಂದು ಚಮಚ ಎಣ್ಣೆ ಹಾಕುವ ಜಾಗ ಇದೆ. ಮನೆಯ ಹಿರಿಯ ಮಗ ಮೋರಿಸ್. ಅವನನ್ನು ಬಿಡುವುದೇ? ಗಾಲಿಯಡಿ ಎಲೆ, ಬಾನೆಟ್ ಮೇಲೆ ಎಲೆ. ಮುಚ್ಚಳ ತಿರುಗಿಸಿ ಸುರಿದೆ.

ಟಕ್.

ಒಂದೇ ಸಲಕ್ಕೆ ಸ್ಟಾರ್ಟ್. ಸ್ಟೇಷನ್ ಏರನ್ನು ಮೂರನೇ ಗೇರಿನಲ್ಲಿ ಹತ್ತಿಸಿದೆ. ಗೊತ್ತಿದ್ದವರ ಮನೆ ಮುಂದೆಲ್ಲ ಸುಮ್ಮನೆ ಹಾರನ್ ಹೊಡೆದೆ.

ಏಪ್ರಿಲ್ 22

ವಾರವಿಡೀ ಮಧ್ಯಾಹ್ನದ ಬಿಸಿಲಲ್ಲಿ ಒಂದೊಂದು ಸುತ್ತು ಹೊಡೆದೆ, ಎಲ್ಲೂ ನಿಲ್ಲಲಿಲ್ಲ. ಜಪಾನಿ ಡಬ್ಬಿ ವಾಪಸು ಕಳಿಸಿದೆ. ಮೇಲೆ ಬರೆದೆ — ಅಗತ್ಯ ಬೀಳಲಿಲ್ಲ.

ಏಪ್ರಿಲ್ 23, ಮಧ್ಯಾಹ್ನ, ಕಾರಲ್ಲೇ ಕೂತು

ಬೆಳಿಗ್ಗೆ ಆರಕ್ಕೆ ಹೊರಗೆ ಬಂದರೆ ಮಂಜು. ಹಲ್ಲು ಕಡಿಯುವ ಚಳಿ. ಸ್ಟಾರ್ಟ್ ಆಯಿತು. ಆಕ್ಸಿಲರೇಟರ್ ಒತ್ತಿದೆ — ಬಿಕ್ಕಳಿಸಿ ಸತ್ತಿತು. ಮತ್ತೆ. ಮತ್ತೆ.

ಜಯಲತ್ ಗಡಿಯಾರ ನೋಡಿದ. ಬಿಳಿ ಕಾರಿನವನಿಗೆ ಕೈ ಬೀಸಿದ.

ದುಲ್ಮಿನಿ ಮದುವೆಯ ಬಿಳಿ ಸೀರೆ ಉಟ್ಟು, ಕೊರಳ ತುಂಬ ಸರ ಹೊತ್ತು ಬಂದವಳು ನೇರ ಮೋರಿಸ್ಸಿನ ಹಿಂದಿನ ಸೀಟಿಗೆ ಹೋಗಿ ಕೂತಳು.

"ಮಗಳೇ, ಇಳಿ. ಆ ಕಾರಿದೆ."

"ಅದ್ರಲ್ಲಿ ನೀವ್ ಹೋಗಿ ಅಪ್ಪಾ. ಮಾಮ ಮಾತು ಕೊಟ್ಟಿದಾನೆ."

ಬಾನೆಟ್ ಎತ್ತಿ ಪಿಸ್ಟನ್ ಎತ್ತಲು ಹೋದರೆ ಏಳುತ್ತಿಲ್ಲ. ಮೇಲಿನ ಮುಚ್ಚಳ ತೆಗೆದೆ. ಒಳಗೆ ಬೆಳ್ಳಗೆ, ತುಪ್ಪದ ಹಾಗೆ, ಹೆಪ್ಪುಗಟ್ಟಿದ ತೆಂಗಿನೆಣ್ಣೆ.

ಪಕ್ಕದಲ್ಲಿ ಸುಮನಾ. ಒಂದು ಕೈಯಲ್ಲಿ ಬಿಸಿನೀರಿನ ಕೆಟಲ್, ಇನ್ನೊಂದರಲ್ಲಿ ಹೊಲಿಗೆ ಮೆಷಿನ್ನಿನ ಎಣ್ಣೆ.

"ಮೂವತ್ತು ವರ್ಷದಿಂದ ದಿನಾ ಬೆಳಿಗ್ಗೆ ತೆಂಗಿನೆಣ್ಣೆ ಬಾಟ್ಲಿ ಒಲೆ ಪಕ್ಕ ಇಡ್ತೀನಲ್ಲ, ಯಾಕೆ ಅಂದ್ಕೊಂಡಿದ್ರಿ?" ಕಿವಿಯ ಹತ್ತಿರ, ಮೆಲ್ಲಗೆ.

ಬಿಸಿನೀರಲ್ಲಿ ಅದ್ದಿದ ಬಟ್ಟೆ ಸುತ್ತಿದೆ. ಎಣ್ಣೆ ಕರಗಿತು. ಹೀರಿ ತೆಗೆದೆ. ಮೆಷಿನ್ ಎಣ್ಣೆ ಒಂದು ಚಮಚ.

ಟಕ್.

6:42. ಗೇಟು ದಾಟಿದೆವು. ಮಂಟಪದವರೆಗೆ ಒಂದು ಕೆಮ್ಮಿಲ್ಲ, ಒಂದು ಸೀನಿಲ್ಲ. ಕನ್ನಡಿಯಲ್ಲಿ ನೋಡಿದರೆ ದುಲ್ಮಿನಿ ಅಳುತ್ತ ನಗುತ್ತಿದ್ದಳು. ನನ್ನ ಕಣ್ಣಲ್ಲಿ ಮಂಜು.

ಇಳಿದಾಗ ಜಯಲತ್ ಬಂದ. "ಬಾವ, ಮೊದ್ಲು ಯಾಕೆ ನಿಂತಿತ್ತು?"

"ಮುಹೂರ್ತಕ್ಕೆ ಮುಂಚೆ ಹೊರಡಲ್ಲ ಅದು. ಸಂಸ್ಕಾರ ಇರೋ ಕಾರು."

ಮಂಟಪದ ತುಂಬ ಅದೇ ಮಾತು. ಮದುಮಗನ ಚಿಕ್ಕಪ್ಪ ಬಂದು ಬಾನೆಟ್ಟಿಗೆ ಕೈ ಮುಗಿದು ಹೋದ.

ಏಪ್ರಿಲ್ 25, ಬೆಳಿಗ್ಗೆ

ಮೀಸೆ ಇದೆ. ಎರಡು ತುದಿಗೂ ಇವತ್ತು ಕತ್ತರಿ ತೋರಿಸಿ ಚೂಪು ಮಾಡಿದೆ.

ಜಯಲತ್ ಬಂದಿದ್ದಾನೆ. ಅವನ ಅಣ್ಣನ ಮೋರಿಸ್ಸಿನ ಕಾರ್ಬುರೇಟರ್ ಅಂತೆ, ಗಂಟು ಕಟ್ಟಿ ತಂದಿದ್ದಾನೆ. ಬದಲಾಯಿಸಬೇಡಿ, ರಿಪೇರಿ ಮಾಡಿ ಬಾವ ಎನ್ನುತ್ತಾನೆ. ಜಯಲತ್, ಇದನ್ನು, ತನ್ನ ಬಾಯಿಂದ. ಹಾಗೇ ಕೇಳಿದ, ಇದರ ನೆತ್ತಿಗೆ ಯಾವ ಎಣ್ಣೆ ಹಾಕಬೇಕು ಎಂದು.

ಸುಮನಾ ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ. ನಗುತ್ತಿದ್ದಾಳೆ. ಬಾಯಿ ತೆರೆಯುತ್ತಿದ್ದಾಳೆ. ಏಳಬೇಕು, ಅವಳು ಹೇಳುವ ಮೊದಲೇ ನಾನು —