ಅಂಜೂರದ ಬುಡದ ಬಿಸ್ಕತ್ತು ಡಬ್ಬಿ

ಅಬೆವಿಲ್, ಲೂಸಿಯಾನ
ಮೇ ೧೪, ಬುಧವಾರ

ಪ್ರೀತಿಯ ಎಮಿಲ್,

ನಿದ್ದೆ ಬರುತ್ತಿದೆಯೇ? ಊಟ ಸೇರುತ್ತಿದೆಯೇ? ಬೆನ್ನು ಹೇಗಿದೆ? ಅಲ್ಲಿಯ ಕಾಫಿ ಪಾತ್ರೆ ತೊಳೆದ ನೀರಿನ ಹಾಗಿದೆ ಎಂದಿದ್ದೆಯಲ್ಲ, ಕುಡಿ, ಸಾಯುವುದಿಲ್ಲ. ನನ್ನ ಮಂಡಿನೋವು ಇದ್ದಲ್ಲೇ ಇದೆ. ಬೆಳಿಗ್ಗೆಯಿಂದ ಮೂರು ಸಲ ಈ ಕಾಗದ ಶುರುಮಾಡಿ ಎದ್ದುಹೋಗಿದ್ದೇನೆ. ಒಮ್ಮೆ ಒಲೆ ಆರಿಸಿದೆನೋ ಇಲ್ಲವೋ ನೋಡಲು, ಒಮ್ಮೆ ನಿನ್ನ ಗಾಜಿನ ತೊಟ್ಟಿ ನೋಡಲು, ಇನ್ನೊಮ್ಮೆ ಸುಮ್ಮನೆ. ಕೂತಲ್ಲಿ ಕೂರಲಾಗುತ್ತಿಲ್ಲ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ: ನಿನ್ನ ನೀಲಿ ಸಿಗಡಿ, ಆ ಮೇಯರ್ ಮಹಾಶಯ, ಬದುಕಿದ್ದಾನೆ. ಇಷ್ಟು ತಿಳಿದುಕೊಂಡು ಮುಂದೆ ಓದು. ನಡುವೆ ಎದ್ದು ಬಟ್ಟೆಬರೆ ಕಟ್ಟಬೇಡ.

ನಿನ್ನ ಹಲ್ಲಿ ಪ್ರಾಲೀನಳ ವರದಿ ಮೊದಲು. ಹೋದ ವಾರ ಪೊರೆ ಬಿಟ್ಟಳು. ನೀನು ಬರೆದಿಟ್ಟ ಚೀಟಿಯಂತೆ ಡಬ್ಬಿಯ ಪಾಚಿಗೆ ದಿನಾ ನೀರು ಚಿಮುಕಿಸಿದೆ. ಆದರೂ ಒಂದು ಕಾಲಿನ ಬೆರಳುಗಳಿಗೆ ಪೊರೆ ಅಂಟಿಕೊಂಡಿತ್ತು. ಬೆಚ್ಚಗಿನ ನೀರಲ್ಲಿ ನಿಲ್ಲಿಸಿ ಹತ್ತಿಕಡ್ಡಿಯಿಂದ ಒಂದೊಂದೇ ಬೆರಳು ಬಿಡಿಸಿದೆ. ಹಲ್ಲಿ ಕಂಡರೆ ಪೊರಕೆ ಹುಡುಕುತ್ತಿದ್ದ ನಾನು! ಬಿಟ್ಟ ಪೊರೆಯನ್ನು ಬಿಸಾಡಬೇಡ, ತಾನೇ ತಿನ್ನುತ್ತಾಳೆ ಎಂದು ಚೀಟಿಯಲ್ಲಿತ್ತು. ಬಿಸಾಡಲಿಲ್ಲ, ತಿಂದಳು. ಅವಳಿಗೆ ತಿನ್ನಿಸುವ ನಿನ್ನ ಹುಳುಗಳು ಫ್ರಿಜ್ಜಿನಲ್ಲಿ ಬೆಣ್ಣೆಯ ಪಕ್ಕದಲ್ಲೇ ಸುಖವಾಗಿವೆ. ಆದರೆ ಮೇಯರ್‌ನ ಚೀಟಿಯಲ್ಲಿ ಪೊರೆಯ ಮಾತೇ ಇರಲಿಲ್ಲ ಎಮಿಲ್. ಮುಚ್ಚಳದ ಮೇಲೆ ಇಟ್ಟಿಗೆ ಇಡು, ಇಲ್ಲದಿದ್ದರೆ ಹತ್ತಿ ಹೊರಗೆ ಬರುತ್ತಾನೆ. ಸೌತೆಕಾಯಿ ಒಂದು ಬಿಲ್ಲೆ, ಜಾಸ್ತಿ ಬೇಡ. ಇಷ್ಟೇ.

ಶುಕ್ರವಾರ ಬೆಳಿಗ್ಗೆ ಸೌತೆಕಾಯಿ ಹಿಡಿದು ಹೋದರೆ, ಮರಳಿನ ಮೇಲೆ ಮಗ್ಗುಲಾಗಿ ಬಿದ್ದಿದ್ದ. ಕಣ್ಣು, ಮೀಸೆ, ಕಾಲು ಎಲ್ಲ ಇದ್ದವು, ಜೀವವಿರಲಿಲ್ಲ. ಗಾಜು ತಟ್ಟಿದೆ, ಕರೆದೆ, ಬೈದೆ. ಆಮೇಲೆ ಕೋಲಿನಲ್ಲಿ ಎತ್ತಿ ಬಿಸ್ಕತ್ತಿನ ಡಬ್ಬಿಗೆ ಹಾಕಿ ಅಂಜೂರದ ಬುಡದಲ್ಲಿ ಹೂತೆ. ಒಂದು ಜಪಮಾಲೆ ಪ್ರಾರ್ಥನೆಯನ್ನೂ ಹೇಳಿದೆ, ಪಾದ್ರಿಗೆ ಹೇಳಬೇಡ. ತೊಟ್ಟಿ ಖಾಲಿಮಾಡೋಣವೆಂದು ಬಕೆಟ್ಟು ತಂದಿಟ್ಟೆ. ಕೈ ಬರಲಿಲ್ಲ. ನೀರು ಶುದ್ಧಮಾಡುವ ಆ ಯಂತ್ರ ಗುಳುಗುಳು ಅನ್ನುತ್ತಲೇ ಇತ್ತು. ನನ್ನ ತಲೆಯಲ್ಲಿ ಇದ್ದದ್ದು ಒಂದೇ. ಹಿಂದಿನ ಸಲ ನೀನು ಇಪ್ಪತ್ತನೇ ದಿನಕ್ಕೇ ಚಟ ಬಿಡಿಸುವ ಆ ಜಾಗ ಬಿಟ್ಟು ಹೊರಟು ಮತ್ತೆ ಮಾತ್ರೆಗೆ ಬಿದ್ದೆ. ಈ ಸಲ ಐದು ವಾರ ನಿಂತಿದ್ದೀಯ. ಪ್ರತಿ ಭಾನುವಾರ ಫೋನಿಗೆ ಸಿಗುವ ಹತ್ತು ನಿಮಿಷದಲ್ಲಿ ನನ್ನ ಮಂಡಿ ಕೇಳುವ ಮೊದಲೇ "ಮೇಯರ್ ಹೇಗಿದ್ದಾನೆ?" ಅನ್ನುತ್ತೀಯ. ಸತ್ತ ಎಂದು ನಿನಗೆ ಹೇಗೆ ಹೇಳಲಿ?

ಶನಿವಾರ ಪಕ್ಕದ ಮನೆಯ ಕ್ಲೋವಿಸ್ ಎರಡು ಮೂಟೆ ಸಿಗಡಿ ಬೇಯಿಸಿ ಬೀದಿಗೆಲ್ಲ ಬಡಿಸಿದ. ಎಪ್ಪತ್ತೊಂದು ವರ್ಷದಲ್ಲಿ ಮೊದಲ ಸಲ ನಾನು ಒಂದನ್ನೂ ಮುಟ್ಟಲಿಲ್ಲ. "ಏನಕ್ಕಾ, ಜ್ವರಾನಾ? ಇಲ್ಲಾ ನನ್ ಕೈರುಚಿ ಮೇಲೆ ಮುನಿಸಾ?" ಎಂದು ಎಲ್ಲರೆದುರು ರೇಗಿಸಿದ. ತಟ್ಟೆ ಅಲ್ಲೇ ಬಿಟ್ಟು ಎದ್ದುಬಂದೆ.

ನಿನ್ನೆ ತಡೆಯಲಾರದೆ ಅವನ ಬಳಿಗೇ ಹೋದೆ. ನಲವತ್ತು ವರ್ಷ ಸಿಗಡಿ ಕೆರೆ ನೋಡಿಕೊಂಡವನು, ಬಲೆಯಲ್ಲಿ ಎಂದಾದರೊಮ್ಮೆ ನೀಲಿಯದು ಬೀಳುತ್ತದಂತೆ. ಒಂದು ಹುಡುಕಿಕೊಡು, ಎಮಿಲ್‌ಗೆ ಗೊತ್ತಾಗಬಾರದು ಎಂದೆ. ಹೌದು, ಹಾಗೇ ಎಂದೆ. ಅಳತೆ ನೋಡಬೇಕು ಎಂದು ನಮ್ಮ ಹಿತ್ತಲಿಗೆ ಬಂದ. ಡಬ್ಬಿ ಅಗೆದು ಕೊಟ್ಟೆ. ಅವನು ಅದನ್ನು ಎರಡು ಬೆರಳಲ್ಲಿ ಎತ್ತಿ ಬಿಸಿಲಿಗೆ ಹಿಡಿದರೆ ಆಚೆಯ ಬೇಲಿ ಕಾಣಿಸಿತು! ಬೆನ್ನು ಬಿರಿದಿತ್ತು, ಒಳಗೆ ಏನೂ ಇರಲಿಲ್ಲ. "ಅಯ್ಯೋ ನಿನ್ನಾ! ಹುಟ್ಟಿದಾಗಿಂದ ಸಿಗಡಿ ತಿಂತೀಯಾ, ಹೆಣ ಯಾವ್ದು ಪೊರೆ ಯಾವ್ದು ಗೊತ್ತಾಗಲ್ವೇನಕ್ಕಾ?" ಎಂದು ಹೊಟ್ಟೆ ಹಿಡಿದು ನಕ್ಕ. ನಾನು ಕಂಡಿದ್ದೆಲ್ಲ ಪಾತ್ರೆಯಲ್ಲಿ ಬೆಂದು ಕೆಂಪಾದದ್ದು, ನನಗೆ ಹೇಗೆ ಗೊತ್ತಾಗಬೇಕು? ಒಳಗೆ ಓಡಿ ತೊಟ್ಟಿಯ ಮೂಲೆಯ ಒಡೆದ ಹೂಕುಂಡವನ್ನು ಅವನ ಕೈಲಿ ಎತ್ತಿಸಿದೆ. ಅದರಡಿ ಮೇಯರ್ ಕೂತಿದ್ದ! ಮೈಯೆಲ್ಲ ಮೆತ್ತಗೆ, ಮುಟ್ಟಿದರೆ ನೋಯುವಂತೆ ಮುದುಡಿಕೊಂಡು, ಆಕಾಶದ ಬಣ್ಣ. ಮಾರ್ಚಿನಲ್ಲಿ ಕಳೆದುಕೊಂಡಿದ್ದ ಬಲಗಡೆಯ ಇಕ್ಕಳ ಮತ್ತೆ ಬಂದಿದೆ, ಬೀನ್ಸ್ ಕಾಳಿನಷ್ಟು. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಹೊಸ ಚಿಪ್ಪು ಗಟ್ಟಿಯಾಗಲು ಹಳೆಯದನ್ನು ತಿನ್ನಬೇಕಂತೆ, ಅದನ್ನೇ ಕಿತ್ತು ಹೂತಿದ್ದೆನಲ್ಲ ನಾನು! ಮಣ್ಣು ತೊಳೆದು ವಾಪಸು ಹಾಕಿದೆವು. ಈಗ ತಲೆಯ ಕಡೆಯಿಂದ ತಿನ್ನುತ್ತಿದ್ದಾನೆ.

ದೇವರು ನಿನ್ನನ್ನು ಅಲ್ಲೇ ಗಟ್ಟಿಯಾಗಿ ಕೂರಿಸಿರಲಿ ಮಗಾ. ಅಂಚೆಯವಳು ಬರುವ ಹೊತ್ತಾಯಿತು, ಮುಗಿಸುತ್ತೇನೆ.

ನಿನ್ನ ಅಜ್ಜಿ,
ಓಡೆಲ್

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ಅಂಚೆಯ ಗಾಡಿ ಎದುರು ಮನೆಯಲ್ಲಿ ನಿಂತಿದೆ, ಬೇಗ ಹೇಳುತ್ತೇನೆ. ಶುಕ್ರವಾರ ಹೂತೆ, ಮಂಗಳವಾರ ಸಿಕ್ಕಿದ. ನಡುವೆ ಭಾನುವಾರ ನೀನು ಕೇಳಿದಾಗ "ಚೆನ್ನಾಗಿದ್ದಾನೆ ಕಣೋ" ಎಂದೆ. ಸತ್ತಿದ್ದಾನೆ ಎಂದುಕೊಂಡೇ ಹೇಳಿದೆ. ಆಮೇಲೆ ಅದು ನಿಜವಾಯಿತು ನಿಜ, ಆದರೆ ಹೇಳಿದಾಗ ಸುಳ್ಳೇ. ನಮ್ಮಿಬ್ಬರ ನಡುವೆ ಇನ್ನು ಸುಳ್ಳು ಬೇಡ ಎಂದು ನಿನ್ನ ಕೈ ಹಿಡಿದು ಆಣೆ ಮಾಡಿಸಿದವಳು ನಾನೇ. ತಪ್ಪಾಯಿತು ಎಮಿಲ್. ಅದೇ ಭಾನುವಾರ ನೀನೂ "ನಾನು ಚೆನ್ನಾಗಿದ್ದೀನಿ ಅಜ್ಜಿ" ಅಂದೆ. ನಿನ್ನದೂ ನನ್ನಂಥದ್ದೇ ಆಗಿದ್ದರೆ ಬರೆ. ನಾನು ಬೈಯುವುದಿಲ್ಲ.