ಉಸಿರುಪೆಟ್ಟಿಗೆಗಳ ಆಸ್ಪತ್ರೆಗೆ ಹೊಸ ನಿರ್ದೇಶಕರು

ಫೆಬ್ರವರಿ 30, 2189
ಮಲಪ್ರಭೆಯ ದಂಡೆಯಿಂದ

ನೂರೈವತ್ತು ವರ್ಷ ಹಿಂದಿರುವ ಹಿರಿಯರಿಗೆ ನೀಲವ್ವ ಕಡಕೋಳ ಮಾಡುವ ನಮಸ್ಕಾರ.

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿಲ್ಲ. ಉಪ್ಪಿನ ಯುದ್ಧ ಮುಗಿದ ವರ್ಷ ಸೈನಿಕರನ್ನು ನೆನೆಯಲೆಂದು ಸರ್ಕಾರ ಫೆಬ್ರವರಿಗೆ ಮೂವತ್ತನೆಯ ದಿನವೊಂದನ್ನು ಸೇರಿಸಿತು. ಇಂದು ಎಲ್ಲ ಕಡೆ ರಜೆ, ನಮ್ಮ ಆಸ್ಪತ್ರೆಗೆ ಮಾತ್ರ ಇಲ್ಲ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ.

ನಾನು ಇಲ್ಲಿ ಹಿರಿಯ ನರ್ಸ್. ಆ ಯುದ್ಧದಲ್ಲಿ ಶ್ವಾಸಕೋಶ ಸುಟ್ಟುಕೊಂಡ ಸೈನಿಕರು ನಮ್ಮಲ್ಲಿ ಉಸಿರುಪೆಟ್ಟಿಗೆಗಳ ಮೇಲೆ ಬದುಕುತ್ತಾರೆ. ಪೆಟ್ಟಿಗೆ ನಿಮ್ಮ ಕಾಲದ ಟ್ರಂಕಿನಷ್ಟಿದೆ. ಕೊಳವೆಯ ಮೂಲಕ ಅವರ ಬದಲು ಅದೇ ಉಸಿರಾಡುತ್ತದೆ. ಅದಕ್ಕೆ ಒಗ್ಗಿದವರು ಅದಿಲ್ಲದೆ ಕೆಲವು ತಾಸು ಮಾತ್ರ ಬದುಕುತ್ತಾರೆ. ಬೆಳಿಗ್ಗೆ ಕೊಳವೆ ತೊಳೆಯುವುದು, ಗಂಜಿ ಕುಡಿಸುವುದು, ಬಿಸಿಲಿಗೆ ಮಂಚ ಹೊರಳಿಸುವುದು ನಮ್ಮ ಕೆಲಸ. ಇರುವುದು ಇನ್ನೂರು ಪೆಟ್ಟಿಗೆ. ಸರದಿಯಲ್ಲಿ ಕಾಯುತ್ತಲೇ ಸತ್ತವರ ಹೆಸರುಗಳನ್ನು ಹಿಂದಿನ ನಿರ್ದೇಶಕರು ಗುಟ್ಟಾಗಿ ಅಳಿಸುತ್ತಿದ್ದರು. ಅದು ಬಯಲಾಗಿ ಅವರನ್ನು ತೆಗೆದುಹಾಕಿದಾಗ, ಹೊಸಬರನ್ನು ಆರಿಸಲು ಐವರ ಸಮಿತಿ ಕೂತಿತು. ನರ್ಸುಗಳ ಪರವಾಗಿ ನಾನಿದ್ದೆ, ರೋಗಿಗಳ ಪರವಾಗಿ ಸುಬೇದಾರ್ ಫಕೀರಪ್ಪ ತಳವಾರ. ಅವರು ಪೆಟ್ಟಿಗೆಯನ್ನು ಗಾಲಿಯ ಮೇಲೆ ಎಳೆದುಕೊಂಡೇ ಸಭೆಗೆ ಬಂದಿದ್ದರು.

ಅರ್ಜಿ ಹಾಕಿದವರು ಇಬ್ಬರು. ಡಾಕ್ಟರ್ ಅಕ್ಕಮಹಾದೇವಿ ಮಮದಾಪುರ, ಅಳಿಸಿದ ಹೆಸರುಗಳನ್ನು ಮತ್ತೆ ಬರೆಸುವುದಾಗಿಯೂ, ಸತ್ತವರ ಮನೆಗಳಿಗೆ ಹೋಗಿ ನಿಜ ಹೇಳುವುದಾಗಿಯೂ, ಹೊಸ ಪೆಟ್ಟಿಗೆ ಬರಲು ವರ್ಷವಾದರೂ ಬೇಕೆಂದೂ ಹೇಳಿದರು. ಸಮಿತಿಯಲ್ಲಿ ಒಬ್ಬರು ನಕ್ಕರು. ಆಡಳಿತದಲ್ಲಿ ಪಳಗಿದ ಪ್ರಭುಗೌಡ ಇನಾಮದಾರ ಹೇಳಿದ್ದು ಒಂದೇ ಮಾತು: ನಲವತ್ತು ದಿನಗಳಲ್ಲಿ ಸರದಿ ಖಾಲಿ.

ಆ ಸರದಿಯಲ್ಲಿ ನನ್ನ ತಮ್ಮ ಬಾಳಪ್ಪನಿದ್ದ. ಅವನಿಗೆ ವರ್ಷದ ಆಯುಷ್ಯವಿರಲಿಲ್ಲ.

ಫಕೀರಪ್ಪನವರ ಮನಸ್ಸು ಡಾಕ್ಟರ ಕಡೆಗಿತ್ತು. "ಅಕ್ಕಾರ, ಆ ಡಾಕ್ಟರು ಖರೇ ಮಾತಾಡ್ತಾರ ಅನಸ್ತದ. ನಿಮಗ ಹೆಂಗ ಅನಸ್ತದ?" ಎಂದು ಕೇಳಿದರು.

"ಖರೇ ಮಾತಿನಿಂದ ಉಸಿರು ಬರೂದಿಲ್ರೀ ಸುಬೇದಾರ್ರ," ಎಂದೆ. "ಗೌಡ್ರಿಗೇ ಕೈ ಎತ್ರಿ."

ಏಳು ವರ್ಷ ನನ್ನ ಕೈಯಿಂದ ಗಂಜಿ ಕುಡಿದವರು. ನಂಬಿ ಕೈ ಎತ್ತಿದರು. ಎರಡರ ವಿರುದ್ಧ ಮೂರು ಮತದಿಂದ ಗೌಡರು ಗೆದ್ದರು.

ಗೌಡರು ಮಾತು ಉಳಿಸಿಕೊಂಡರು. ಪೆಟ್ಟಿಗೆಯ ಮೇಲೆ ಮೂರು ವರ್ಷ ಕಳೆದವರನ್ನು 'ಪೂರ್ಣರು' ಎಂದು ಕರೆದರು. ಚಿಕಿತ್ಸೆ ಪೂರ್ಣಗೊಂಡವರು ಎಂದರ್ಥ. ಪೂರ್ಣರಿಗೆ ಶಾಲು ಹೊದಿಸಿ, ಬ್ಯಾಂಡ್ ಬಾರಿಸಿ, ಕೊಳವೆ ತೆಗೆದು ಊರಿನ ಬಸ್ಸಿಗೆ ಹತ್ತಿಸಬೇಕು. ಹದಿನೆಂಟನೆಯ ದಿನ ಫಕೀರಪ್ಪನವರ ಹೆಸರು ಬಂತು. ಕೊಳವೆ ತೆಗೆಯುವ ಕೆಲಸ ನನ್ನದು. ನಾನು ಗೌಡರ ಬಳಿ ಹೋಗಲಿಲ್ಲ, ಬೇಡಿಕೊಳ್ಳಲಿಲ್ಲ. ಯಾರ ಪೆಟ್ಟಿಗೆ ಯಾರಿಗೆ ಎಂಬ ಹಾಳೆ ನನ್ನ ಕೈಯಲ್ಲೇ ಇತ್ತು. ಅವರದು ಬಾಳಪ್ಪನಿಗೆ.

ಅವರಿಗೂ ಅದು ಗೊತ್ತಾಗಿತ್ತು. ಕತ್ತಿನ ಪಟ್ಟಿ ಬಿಚ್ಚುವಾಗ ನನ್ನ ಮುಖ ನೋಡಿ, "ತಮ್ಮನ ಹೆಸರು ಮೊದಲಽ ಹೇಳಿದ್ರ, ನಾನಽ ಕೊಡ್ತಿದ್ನಲ್ಲ ಅಕ್ಕಾರ," ಎಂದರು.

ಕೊಳವೆ ಎಳೆದೆ. ಬಸ್ಸು ಸವದತ್ತಿ ದಾಟುವ ಮೊದಲೇ ಅವರು ತೀರಿಕೊಂಡರು. ಅವರ ಹೆಂಡತಿ ಶಾಲನ್ನು ಅಂಚೆಯಲ್ಲಿ ವಾಪಸು ಕಳಿಸಿದರು, ನನ್ನ ಹೆಸರಿಗೆ.

ಬಾಳಪ್ಪ ಬದುಕಿದ್ದಾನೆ. ಯಾರ ಪೆಟ್ಟಿಗೆ ಎಂದು ಬೇರೆಯವರಿಂದ ತಿಳಿದ ದಿನದಿಂದ ನನ್ನೊಡನೆ ಮಾತು ಬಿಟ್ಟಿದ್ದಾನೆ. ಪೆಟ್ಟಿಗೆಯ ಮೇಲೆ ಅವನಿಗೆ ಎರಡು ವರ್ಷ ಏಳು ತಿಂಗಳಾಯಿತು. ಗೌಡರ ಅವಧಿ ಮುಗಿಯುತ್ತಿದೆ, ಮುಂದಿನ ವಾರ ಸಮಿತಿ ಮತ್ತೆ ಕೂರುತ್ತದೆ. ಡಾಕ್ಟರ್ ಮಮದಾಪುರ ಮತ್ತೆ ಅರ್ಜಿ ಹಾಕಿದ್ದಾರೆ. ನಿನ್ನೆ ಗೌಡರು ನನ್ನನ್ನು ಕರೆಸಿ ಚಹಾ ಕೊಟ್ಟರು. ನಾನು ಅವರಿಗೇ ಕೈ ಎತ್ತಿದರೆ ಬಾಳಪ್ಪನ ಮೂರು ವರ್ಷದ ಎಣಿಕೆ ಮತ್ತೆ ಮೊದಲಿನಿಂದ ಶುರುವಾಗುತ್ತದಂತೆ.

ಎತ್ತುತ್ತೇನೆ. ಹಿರಿಯರೇ, ನಿಮ್ಮ ಕ್ಷಮೆ ಕೇಳಲು ಇದನ್ನು ಬರೆಯಲಿಲ್ಲ. ನಿಮ್ಮಲ್ಲಿ ಇಂಥ ಆಸ್ಪತ್ರೆಗಳು ಈಗಷ್ಟೇ ಏಳುತ್ತಿರಬಹುದು, ಅವಕ್ಕೆ ನಿಯಮ ಬರೆಯುತ್ತಿರಬಹುದು. ಆರಿಸುವ ಕುರ್ಚಿಯಲ್ಲಿ ಯಾರು ಕೂರಬಾರದು ಎಂಬ ಕಲಮಿನಲ್ಲಿ ನನ್ನ ಹೆಸರನ್ನೇ ಬರೆಯಿರಿ.

ನೀಲವ್ವ ಕಡಕೋಳ