ಎಡಗಡೆಯ ಬ್ರೇಕು

ಮಾರ್ಚ್ 3, ಭಾನುವಾರ

ನಾಲ್ಕನೇ ಕಾರೂ ಆಯಿತು. ಇದೂ ಬೇಡವಂತೆ.

ಬೆಳಿಗ್ಗೆ ಅಮ್ಮನಿಗೆ ತಲೆ ಬಾಚಿ, ಮರೆವಿನ ಮಾತ್ರೆ ಕೊಟ್ಟು, ಪಕ್ಕದ ಮನೆಯಾಕೆಯನ್ನು ಜೊತೆಗೆ ಕೂರಿಸಿ ಹೊರಟೆ. ಮೆಕ್ಯಾನಿಕ್ ಆಗಲೇ ಬಂದು ಕಾರಿನ ಕೆಳಗೆ ಮಲಗಿದ್ದ. ಇವನಿಗೆ ನಾನಿಟ್ಟ ಹೆಸರು ಬೇಡಣ್ಣ. ಯಾವ ಗಾಡಿ ತೋರಿಸಿದರೂ ಮೊದಲು ಬಾಯಿಗೆ ಬರುವ ಮಾತು ಅದೇ. ಇವತ್ತಿನದು ಬೆಳ್ಳಿ ಬಣ್ಣದ್ದು, ಮೀಟರಿನಲ್ಲಿ ಎಪ್ಪತ್ತು ಸಾವಿರ ಅಷ್ಟೆ. ನನಗೋ ಖುಷಿ. ಅವನು ಎದ್ದು ಬಂದು ಬ್ರೇಕ್ ಪೆಡಲಿನ ರಬ್ಬರ್ ತೋರಿಸಿದ. ನುಣ್ಣಗೆ ಸವೆದು ಒಳಗಿನ ಕಬ್ಬಿಣ ಇಣುಕುತ್ತಿತ್ತು.

"ಎಪ್ಪತ್ತು ಸಾವಿರಕ್ಕೆ ಇಷ್ಟು ಸವೆಯುತ್ತಾ ಅಕ್ಕ? ಮೀಟರ್ ಹಿಂದಕ್ಕೆ ತಿರುಗ್ಸಿದಾರೆ. ಬೇಡ."

ನನಗೇ ಹೊಳೆಯಬೇಕಿತ್ತು. ದಿನವಿಡೀ ಲ್ಯಾಬಿನಲ್ಲಿ ಕೂತು ಕಟ್ಟುಹಲ್ಲಿನ ಸೆಟ್ ಮಾಡುವವಳು. ಬಾಯಿಯ ಅಚ್ಚು ನೋಡಿದರೆ ಸಾಕು — ಯಾವ ಕಡೆಯಿಂದ ಅಗಿಯುತ್ತಾರೆ, ನಿದ್ದೆಯಲ್ಲಿ ಹಲ್ಲು ಕಡಿಯುತ್ತಾರಾ, ಎಲ್ಲ ಹೇಳುತ್ತೇನೆ. ಕಾರಿನ ಬಾಯಿ ನೋಡಲು ಮಾತ್ರ ಬರಲಿಲ್ಲ.

ರಜೆ ಇರುವುದು ಈ ತಿಂಗಳ ಕೊನೆಯವರೆಗೆ. ಅಷ್ಟರೊಳಗೆ ಅಮ್ಮ ಕಾರು ಹತ್ತುವಂತಾಗಬೇಕು. ಹತ್ತಿದರೆ ದಿನಾ ಬೆಳಿಗ್ಗೆ ಊರಾಚೆಯ ವಯಸ್ಸಾದವರ ಡೇ ಕೇರ್‌ಗೆ ಬಿಟ್ಟು, ಸಂಜೆ ಕರೆದುಕೊಂಡು ಬಂದು, ನಮ್ಮನೆಯಲ್ಲೇ ಇಟ್ಟುಕೊಳ್ಳಬಹುದು. ಹತ್ತದಿದ್ದರೆ... ತಮ್ಮ ಒಂದು ವೃದ್ಧರ ಹೋಮ್ ನೋಡಿಟ್ಟಿದ್ದಾನೆ. ಅಲ್ಲೇ ಇರುವುದು. ನಾವು ಭಾನುವಾರ ಹೋಗಿ ನೋಡಿಕೊಂಡು ಬರುವುದು.

ಎಲ್ಲ ಬಿಟ್ಟು ಕಾರು ಕಂಡರೆ ಹೆದರುವುದು ನಮ್ಮಮ್ಮ! ಯಾರಿಗಾದರೂ ಹೇಳಿದರೆ ನಂಬುತ್ತಾರಾ?


ಮಾರ್ಚ್ 6, ಬುಧವಾರ

ಸಂಜೆ ಒಂದು ಸಣ್ಣ ವಿಷಯ. ಬರೆದಿಡದಿದ್ದರೆ ಮರೆಯುತ್ತೇನೆ.

ಅಮ್ಮ ಕುರ್ಚಿಯಲ್ಲಿ ಕೂತಿದ್ದಳು. ನನ್ನ ಮೊಣಕೈ ತಗುಲಿ ಲೋಟ ಮೇಜಿನ ಅಂಚಿಗೆ ಜಾರಿತು. ಅಮ್ಮನ ಕೈ ಮುಂದೆ ಬರಲಿಲ್ಲ. ಬಲಗಾಲು ನೆಲವನ್ನು ಒತ್ತಿತು. ಜೋರಾಗಿ. ಬ್ರೇಕ್ ತುಳಿದ ಹಾಗೆ.

ಅಯ್ಯೋ, ಇಷ್ಟು ದಿನ ನನ್ನ ಬುದ್ಧಿ ಎಲ್ಲಿಗೆ ಹೋಗಿತ್ತು.

ಅಮ್ಮ ಡ್ರೈವಿಂಗ್ ಸ್ಕೂಲ್ ನಡೆಸಿದವಳು. ಊರಿನ ಅರ್ಧ ಹೆಂಗಸರಿಗೆ ಕಾರು ಕಲಿಸಿದ ಕೀರ್ತಿ ಅವಳದು. ಆಯುಷ್ಯದ ಅರ್ಧ ಕಾರಿನ ಎಡಗಡೆ ಸೀಟಿನಲ್ಲೇ ಕಳೆಯಿತು — ಆ ಸೀಟಿನ ಮುಂದೆಯೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತಿತ್ತು, ಕಲಿಸುವವರ ಕಾಲಿಗೆ. ಶಾಲೆ ಬಿಟ್ಟ ಮೇಲೆ ನಾನು, ತಮ್ಮ ಹಿಂದಿನ ಸೀಟಿನಲ್ಲಿ ಕೂತು ಹೋಂವರ್ಕ್ ಮಾಡುತ್ತಿದ್ದೆವು. ಹೊಸಬರು ಕ್ಲಚ್ ಬಿಟ್ಟಾಗೆಲ್ಲ ಕಾರು ಜಿಗಿಯುವುದು, ನನ್ನ ಪೆನ್ಸಿಲ್ ಸಾಲು ಬಿಟ್ಟು ಓಡುವುದು. ಕಾಪಿ ಪುಸ್ತಕದ ಅಕ್ಷರ ನೋಡಿ ಕ್ಲಾಸ್ ಟೀಚರ್ "ನಿಂಗೆ ಕೈ ನಡುಗುತ್ತಾ?" ಅಂತ ಕೇಳಿದ್ದರು. ಬಿಸಿಲಿಗೆ ಕಾದ ರೆಕ್ಸಿನ್ ವಾಸನೆ, ಕ್ಲಚ್ ಸುಟ್ಟ ವಾಸನೆ. ಈಗ ಎಲ್ಲಾದರೂ ಆ ವಾಸನೆ ಬಂದರೆ ನನಗೆ ಹಸಿವಾಗುತ್ತದೆ. ಆಮೇಲೆ ಮನೆಗೆ ಹೋಗಿ ತಿಂಡಿ ತಿನ್ನುವುದು ಇರುತ್ತಿತ್ತಲ್ಲ, ಅದಕ್ಕೆ.

ಕೂತ ತಕ್ಷಣ ಅಮ್ಮ ಮಾಡುತ್ತಿದ್ದ ಮೊದಲ ಕೆಲಸ ತನ್ನ ಬ್ರೇಕನ್ನು ಮೂರು ಸಲ ಒತ್ತಿ ನೋಡುವುದು. "ನಂದು ಸರಿ ಇದ್ರೆ ನಿಂದು ತಪ್ಪಾದ್ರೂ ಪರವಾಗಿಲ್ಲ. ಹೊರಡು" ಅನ್ನುತ್ತಿದ್ದಳು.

ಕೊನೆಯ ಕ್ಲಾಸಿನ ದಿನ ಮೈದಾನದ ನೀರಿನ ಟ್ಯಾಂಕ್ ಹತ್ತಿರ ಕಾರು ನಿಲ್ಲಿಸಲು ಹೇಳಿ, ನಮ್ಮಿಬ್ಬರನ್ನೂ ಇಳಿಸಿಕೊಂಡು ತಾನೂ ಇಳಿಯುತ್ತಿದ್ದಳು. "ಒಬ್ಬಳೇ ಒಂದು ಸುತ್ತು ಹೊಡ್ಕೊಂಡು ಬಾ. ನಾನು ಇಲ್ಲೇ ನಿಂತಿರ್ತೀನಿ." ಕೆಲವರು ಅಳುತ್ತಾ ಹೋಗಿ ನಗುತ್ತಾ ಬರುತ್ತಿದ್ದರು. ಬಂದವರಿಗೆಲ್ಲ ಒಂದೇ ಮಾತು — "ಹೋಗಿ ನಿಮ್ಮಮ್ಮಂಗೆ ಹೇಳು, ಇನ್ನು ಹೆದ್ರಬೇಡಿ ಅಂತ." ಹುಡುಗಿಯರನ್ನು ಸೇರಿಸಲು ಬರುವಾಗ ಕಣ್ಣಲ್ಲಿ ನೀರು ಹಾಕಿಕೊಳ್ಳುತ್ತಿದ್ದವರು ಅವರ ಅಮ್ಮಂದಿರೇ ಅಲ್ಲವೇ.

ನನಗೂ ಅವಳೇ ಕಲಿಸಿದಳು. ನನ್ನ ಸರದಿಗೆ ಮಾತ್ರ ಕಾರಿನಿಂದ ಇಳಿಯಲಿಲ್ಲ. ಟ್ಯಾಂಕ್ ಹತ್ತಿರ ಬಂತು, ಹೋಯಿತು. "ಇಳಿಯಲ್ವಾ?" ಅಂದೆ. "ಸುಮ್ನೆ ಓಡಿಸು" ಅಂದಳು. ಹಿಂದಿನಿಂದ ತಮ್ಮ ಕಿಸಕ್ಕೆಂದು ನಕ್ಕಿದ್ದ.

ಜನವರಿಯಲ್ಲಿ ಅವನ ಹೊಸ ಕಾರಿನಲ್ಲಿ ಆಗಿದ್ದೂ ಅದೇ. ಸರ್ಕಲ್ಲಿನಲ್ಲಿ ಅಮ್ಮನ ಕಾಲು ನೆಲ ತುಳಿಯಿತು. ಏನೂ ಇಲ್ಲ. ಬರೀ ಮ್ಯಾಟು. "ಬ್ರೇಕಿಲ್ಲ! ಬ್ರೇಕಿಲ್ಲ!" ಎಂದು ಕಿರುಚಿ ಓಡುವ ಕಾರಿನ ಬಾಗಿಲು ತೆಗೆದಳು. ಹಿಂದೆ ಕೂರು ಎಂದರೆ, "ಹಿಂದೆ ಕೂತ್ಕೊಂಡು ಕಲಿಸೋಕಾಗುತ್ತಾ?" ಅಂದಳು. ಆವತ್ತಿನಿಂದ ಹೊಸ್ತಿಲು ದಾಟಿಲ್ಲ.

ಅಮ್ಮನಿಗೆ ಕಾರಿನ ಭಯ ಅಲ್ಲವೇ ಅಲ್ಲ. ಅವಳ ಬ್ರೇಕು ಕಳೆದುಹೋಗಿದೆ, ಅಷ್ಟೇ.

ಬೇಡಣ್ಣನಿಗೆ ಫೋನ್ ಮಾಡಿ, ಡ್ರೈವಿಂಗ್ ಸ್ಕೂಲಿನ ಹಳೇ ಕಾರು ಹುಡುಕು ಅಂದೆ.

"ಅಕ್ಕ, ಅದಕ್ಕಿಂತ ಗುಜರಿ ಅಂಗಡೀಲಿ ತಗೊಳ್ಳಿ."


ಮಾರ್ಚ್ 10, ಭಾನುವಾರ

ಸಿಕ್ಕಿತು! ಮಾಸ್ಟರೊಬ್ಬರು ಮಂಡಿ ನೋವೆಂದು ಸ್ಕೂಲ್ ಮುಚ್ಚುತ್ತಿದ್ದಾರೆ. ಕಾರು ಬಿಳಿಯದು, ಈಗ ಹಳೇ ಹಲ್ಲಿನ ಬಣ್ಣ. ಛಾವಣಿಯಲ್ಲಿ ಬೋರ್ಡ್ ಇದ್ದ ಕಡೆ ಮಾತ್ರ ಅಚ್ಚ ಬಿಳಿ. ಮೀಟರ್ ಎರಡು ಲಕ್ಷದ ನಲವತ್ತು ಸಾವಿರ ದಾಟಿದೆ.

"ಎಲ್ಲಾ ಈ ಊರೊಳಗೇ" ಎಂದರು ಮಾಸ್ಟರ್, ಮಗಳ ಮಾರ್ಕ್ಸ್ ಹೇಳುವ ಹಾಗೆ. "ಒಂದು ದಿನಾನೂ ಊರು ದಾಟಿಲ್ಲ."

ಬೇಡಣ್ಣ ಮೊದಲು ಬಾನೆಟ್ ಮೇಲೆ ಅಂಗೈ ಇಟ್ಟ. ತಣ್ಣಗಿತ್ತು. ಮಾರುವವರು ಬಿಸಿ ಮಾಡಿಟ್ಟರೆ ರೋಗ ಮುಚ್ಚಿಹೋಗುತ್ತದಂತೆ. ಆಮೇಲೆ ಸ್ಟಾರ್ಟ್ ಮಾಡಿಸಿ ಹಿಂದೆ ಹೋಗಿ ನಿಂತು ಹೊಗೆ ನೋಡಿದ. ಆಯಿಲ್ ಕಡ್ಡಿ ಎಳೆದು ಮೂಸಿದ. ಮ್ಯಾಟ್ ಎತ್ತಿ ತುಕ್ಕು ಕೆರೆದ. ಹ್ಯಾಂಡ್‌ಬ್ರೇಕ್ ಹಾಕಿ, ಮೂರನೇ ಗೇರಿನಲ್ಲಿ ಕ್ಲಚ್ ಬಿಟ್ಟ. ಗಕ್ಕನೆ ಆಫ್ ಆಯಿತು. ನನಗೆ ಗಾಬರಿ. ಹಾಗೆ ಆಫ್ ಆದರೇ ಕ್ಲಚ್ ಚೆನ್ನಾಗಿದೆ ಅಂತ ಅರ್ಥವಂತೆ. ಒಂದು ರೌಂಡ್ ಹೊಡೆದು ಬಂದ.

"ರಿವರ್ಸ್ ಗೊಣಗುತ್ತೆ. ಸೆಕೆಂಡ್ ಗೇರ್ ಅಳುತ್ತೆ. ಐದನೇ ಗೇರ್ ಮಾತ್ರ ಪ್ಯಾಕೆಟ್ಟೇ ಒಡೆದಿಲ್ಲ. ಯಾರಾದ್ರೂ ಹಾಕಿದ್ರೆ ತಾನೇ?"

"ಇಂಜಿನ್?"

ಕೈ ಒರೆಸಿಕೊಂಡ. ಆಕಾಶ ನೋಡಿದ. "ಕಾಲಕಾಲಕ್ಕೆ ಆಯಿಲ್ ಬದಲಾಯಿಸಿದಾರೆ, ಯಾವತ್ತೂ ಜೋರಾಗಿ ಓಡಿಸಿಲ್ಲ. ಏನ್ ಹೇಳ್ಲಿ ಅಕ್ಕ... ಬೇಡ ಅನ್ನೋಕಾಗ್ತಿಲ್ಲ."

ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕೇ!

ನಾನು ಎಡಗಡೆ ಬಗ್ಗಿ ನೋಡಿದೆ. ಎರಡೂ ಪೆಡಲ್ ಇವೆ. ಬ್ರೇಕಿನ ರಬ್ಬರ್ ಒಂದೇ ಅಂಚಿನಲ್ಲಿ ಸವೆದಿದೆ. "ಪಾದ ಓರೆ ಇಟ್ಟು ಒತ್ತುತ್ತೀರಾ ಮಾಸ್ಟರ್?" ಅಂದೆ. ತಮ್ಮ ಚಪ್ಪಲಿ ನೋಡಿಕೊಂಡು ನಕ್ಕರು. ಈ ಸಲ ಬಾಯಿ ನೋಡಲು ಬಂತು.

ಅಂಗಳದಲ್ಲೇ ಎಡಗಡೆ ಸೀಟಿನಲ್ಲಿ ಸ್ವಲ್ಪ ಹೊತ್ತು ಕೂತೆ. ಅದೇ ರೆಕ್ಸಿನ್ ವಾಸನೆ. ಹಸಿವಾಯಿತು.


ಮಾರ್ಚ್ 12

ತಮ್ಮ ಕೂಗಾಡಿದ.

"ತಲೆ ಕೆಟ್ಟಿದ್ಯಾ ಅಕ್ಕ? ನಾನು ಯಾರು ಅಂತಾನೇ ಅವಳಿಗೆ ನೆನಪಿರಲ್ಲ. ಅವಳ ಕಾಲಿಗೆ ನಿಜವಾದ ಬ್ರೇಕ್ ಕೊಡ್ತೀಯಾ? ನಡುರಸ್ತೇಲಿ ತುಳಿದುಬಿಟ್ರೆ? ಹಿಂದೆ ಲಾರಿ ಇದ್ರೆ?"

"ನೆನಪು ಹೋಗಿದೆ, ಕಾಲು ಹೋಗಿಲ್ಲ" ಅಂದೆ.

"ಡೈಲಾಗ್ ಹೊಡೀಬೇಡ."

ಸರಿಯಾಗೇ ಕೇಳಿದ. ಕೊನೆಗೆ ಅವನೇ ದಾರಿ ಹೇಳಿದ — ಪೆಡಲ್ ಇರಲಿ, ಒಳಗಿನ ಕೇಬಲ್ ಬಿಚ್ಚಿಸು. ತುಳಿದರೂ ಏನೂ ಆಗಲ್ಲ. ಅಮ್ಮಂಗೆ ಸಮಾಧಾನ, ನಮಗೂ ಸಮಾಧಾನ. ಅವಳಿಗೇನು ಗೊತ್ತಾಗುತ್ತೆ?

ಒಪ್ಪಿದೆ. ಮನಸ್ಸಿಲ್ಲದ ಮನಸ್ಸಿನಿಂದ.


ಮಾರ್ಚ್ 17, ಭಾನುವಾರ

ಗೊತ್ತಾಯಿತು.

ಮಾಸ್ಟರ್ ಹತ್ತಿರ ಕಾರು ಎರಡು ವಾರದ ಮಟ್ಟಿಗೆ ಕೇಳಿ ತಂದು ಗೇಟಿನ ಮುಂದೆ ನಿಲ್ಲಿಸಿದೆ. ಅವರನ್ನು ಒಪ್ಪಿಸಿ ಬೇಡಣ್ಣನಿಂದ ಕೇಬಲ್ ಬಿಚ್ಚಿಸಿಯಾಗಿತ್ತು. ತಮ್ಮನೂ ಬಂದಿದ್ದ. ಅಮ್ಮ ಕಿಟಕಿಯಿಂದ ನೋಡಿದಳು. ತಾನಾಗೇ ಚಪ್ಪಲಿ ಹುಡುಕಿದಳು. ತಾನಾಗೇ! ಹೊಸ್ತಿಲು ದಾಟಿ, ಕಾರಿನ ಸುತ್ತ ಒಂದು ಸಲ ನಡೆದು, ಟೈರಿಗೆ ಒಂದು ಒದೆ ಕೊಟ್ಟಳು. ಎಡಗಡೆ ಕೂತು, ಸೀಟಿನ ಕೆಳಗೆ ಕೈ ಹಾಕಿ ಲಿವರ್ ಎಳೆದು ಮುಂದಕ್ಕೆ ಜರುಗಿಸಿಕೊಂಡಳು. ಬೆಳಿಗ್ಗೆ ರವಿಕೆಯ ಗುಂಡಿ ಹಾಕಲು ಬರದೆ ನನ್ನ ಮುಖ ನೋಡಿದ ಕೈ ಅದು.

ಆಮೇಲೆ ಬಲಗಾಲು. ಒಂದು ಸಲ. ಎರಡು ಸಲ. ಮೂರನೆಯದಕ್ಕೆ ನಿಂತಿತು.

"ಯಾರು ಬಿಚ್ಚಿದ್ದು ಇದನ್ನ?"

ನಾನು ತಮ್ಮನ ಮುಖ ನೋಡಿದೆ, ತಮ್ಮ ಗೇಟು ನೋಡಿದ.

"ಸತ್ತ ಬ್ರೇಕ್ ಇಟ್ಕೊಂಡು ಯಾರದೋ ಹೆಣ್ಣುಮಕ್ಕಳನ್ನ ರಸ್ತೆಗೆ ಕರ್ಕೊಂಡು ಹೋಗ್ಲಾ? ನಂಗೇನು ತಲೆ ಕೆಟ್ಟಿದ್ಯಾ?"

ಇಳಿದು, ಬಾಗಿಲು ಧಡಾರನೆ ಹಾಕಿ ಒಳಗೆ ಹೋದಳು. ನಾನು ಬಿಕ್ಕಿ ಬಿಕ್ಕಿ ಅತ್ತೆ, ರಸ್ತೆಯಲ್ಲೇ. ಮೋಸ ಮಾಡಲು ಹೋಗಿ ಸಿಕ್ಕಿಬಿದ್ದ ಅವಮಾನವೋ, ಅವಳೊಳಗೆ ಹಳೆಯ ಅಮ್ಮ ಇನ್ನೂ ಇದ್ದಾಳೆಂಬ ಸಂತೋಷವೋ.

ತಮ್ಮ ಗೇಟಿಗೆ ಒರಗಿ ಹೇಳಿದ, "ಕೇಬಲ್ ಹಾಕ್ಸು ಅಕ್ಕ. ಒಂದೇ ಒಂದು ಸಲ ನೋಡೋಣ. ಸುಮ್ಮಸುಮ್ಮನೆ ತುಳಿದ್ಲೋ, ಕಾರು ವಾಪಸ್. ನಾನು ಹೋಮ್‌ಗೆ ಹೋಗಿ ಸೈನ್ ಮಾಡ್ತೀನಿ. ನೀನು ಅಡ್ಡ ಬರಬಾರದು."

ಹೂಂ ಅಂದೆ.


ಮಾರ್ಚ್ 23, ಶನಿವಾರ

ವಾರವಿಡೀ ಬರೆಯಲಿಲ್ಲ. ಅಮ್ಮನಿಗೆ ಜ್ವರ. ಇಳಿದ ಮೇಲೆ ಕಾರಿನ ಸುದ್ದಿಯೇ ಇಲ್ಲ. ನಿನ್ನೆ ಊಟ ಬಡಿಸಿದಾಗ "ನಿಮಗೆ ತೊಂದ್ರೆ ಕೊಡ್ತಿದೀನಿ" ಅಂದಳು. ಬಹುವಚನ. ಅಡುಗೆಮನೆಗೆ ಬಂದು ನಿಂತೆ.

ಬೇಡಣ್ಣ ಕೇಬಲ್ ಜೋಡಿಸಿದ. ತಾನೇ ಎಡಗಡೆ ಕೂತು ಒತ್ತಿ ನೋಡಿದ. "ಇದು ಹಿಡಿದ್ರೆ ಕಾರು ಅಲ್ಲೇ ನೆಟ್ಟಗೆ ನಿಲ್ಲುತ್ತೆ. ಯೋಚ್ನೆ ಮಾಡಿ ಅಕ್ಕ." ಬೇಡ ಅನ್ನಲಿಲ್ಲ.

ನಾಳೆ ಬೆಳಿಗ್ಗೆ, ಮೈದಾನ.


ಮಾರ್ಚ್ 24, ಭಾನುವಾರ, ಹತ್ತು ಗಂಟೆ

ಈಗಷ್ಟೇ ಬಂದೆವು. ಅಕ್ಷರವೆಲ್ಲ ಸಾಲು ಬಿಟ್ಟು ಓಡುತ್ತಿದೆ — ಕಾಪಿ ಪುಸ್ತಕದ ಹಾಗೆ.

ಅಮ್ಮ ಕೂತಳು. ಬ್ರೇಕ್ ಒತ್ತಿದಳು, ಮೂರು ಸಲ. ಮೂರೂ ಹಿಡಿಯಿತು. ಮುಖ ಸಡಿಲವಾಯಿತು. "ನಂದು ಸರಿ ಇದೆ. ಹೊರಡು."

ಮೊದಲ ತಿರುವಿನಲ್ಲಿ ನನ್ನ ಕಣ್ಣು ರಸ್ತೆಗಿಂತ ಅವಳ ಪಾದದ ಮೇಲೇ. "ಅಲ್ಲೇನಿದೆ? ಮುಂದೆ ನೋಡು" ಅಂತ ಬೈಸಿಕೊಂಡೆ. ಸರ್ಕಲ್ ಬಂತು, ದಾಟಿದೆವು. ಸೆಕೆಂಡ್ ಗೇರ್ ಅತ್ತಿತು. "ಪೂರ್ತಿ ತುಳಿ ಕ್ಲಚ್ಚು, ಜಿಪುಣತನ ಮಾಡ್ಬೇಡ." ಒಂದು ಸ್ಕೂಟರ್ ಸಂದಿಯಿಂದ ನುಗ್ಗಿತು. ನಾನು ಬ್ರೇಕ್ ಹಾಕಿದೆ. ಅಮ್ಮನ ಕಾಲು ಪೆಡಲಿನ ಮೇಲೆ ಬಂದು ಸುಮ್ಮನೆ ನಿಂತಿತು. ಒತ್ತಲಿಲ್ಲ. "ನೋಡಿದ್ಯಲ್ಲ, ಸರಿ" ಅಂದಳು. ಕಾಲು ಹಿಂದೆ ಸರಿಯಿತು.

ಅಷ್ಟೇ. ದಾರಿಯುದ್ದಕ್ಕೂ ಒಂದು ಸಲವೂ ತುಳಿಯಲಿಲ್ಲ. ಬ್ರೇಕು ಅಲ್ಲಿದ್ದರೆ ಸಾಕಿತ್ತು ಅವಳಿಗೆ.

ತಮ್ಮ ಹಿಂದೆಯೇ ತನ್ನ ಕಾರಿನಲ್ಲಿ ಬಂದಿದ್ದ. ಮೈದಾನಕ್ಕೆ ಬಂದೆವು. ನೀರಿನ ಟ್ಯಾಂಕ್ ಇನ್ನೂ ಇದೆ, ಬಣ್ಣ ಬದಲಾಗಿದೆ. ಅದರ ಹತ್ತಿರ ಅಮ್ಮ ಡ್ಯಾಶ್‌ಬೋರ್ಡ್ ತಟ್ಟಿದಳು.

"ನಿಲ್ಸು."

ನಿಲ್ಲಿಸಿದೆ. ಬಾಗಿಲು ತೆಗೆದು ಇಳಿದಳು. ಸೆರಗು ಸರಿಮಾಡಿಕೊಂಡಳು. ಕಿಟಕಿಯಲ್ಲಿ ಬಗ್ಗಿ ನನ್ನನ್ನು ನೋಡಿದಳು, ಪಾಠ ಕಲಿಯಲು ಬಂದ ಯಾರದೋ ಮಗಳನ್ನು ನೋಡುವ ಹಾಗೆ.

"ಒಬ್ಬಳೇ ಒಂದು ಸುತ್ತು ಹೊಡ್ಕೊಂಡು ಬಾ. ನಾನು ಇಲ್ಲೇ ನಿಂತಿರ್ತೀನಿ."

ಅಮ್ಮ ನನ್ನ ಸರದಿಗೂ ಇಳಿದಳು. ಇಷ್ಟು ವರ್ಷದ ಮೇಲೆ.

ತಮ್ಮ ಓಡಿ ಬಂದು ಅವಳಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಿಂತ, ಹೋಗು ಅಂತ ಕೈಸನ್ನೆ ಮಾಡಿದ. ಹೊರಟೆ. ಕನ್ನಡಿಯಲ್ಲಿ ಇಬ್ಬರೂ ಚಿಕ್ಕದಾಗುತ್ತಾ ಹೋದರು. ಪಕ್ಕದ ಸೀಟು ಖಾಲಿ. ಮೈದಾನದ ಆ ತುದಿಯಲ್ಲಿ ಕಣ್ಣು ಮಂಜಾಗಿ ಕಾರು ನಿಲ್ಲಿಸಬೇಕಾಯಿತು. ಒರೆಸಿಕೊಂಡು ಮತ್ತೆ ಫಸ್ಟ್ ಗೇರ್.

ಬಿಟ್ಟ ಜಾಗದಲ್ಲೇ ನಿಂತಿದ್ದಳು. ಕೈಕಟ್ಟಿಕೊಂಡು, ಗಂಭೀರವಾಗಿ.

"ಚೆನ್ನಾಗಿ ಓಡಿಸ್ತೀಯ. ಹೋಗಿ ನಿಮ್ಮಮ್ಮಂಗೆ ಹೇಳು, ಇನ್ನು ಹೆದ್ರಬೇಡಿ ಅಂತ."

"ಹೇಳ್ತೀನಿ ಮೇಡಂ" ಅಂದೆ.

ತಮ್ಮ ಆ ಕಡೆ ತಿರುಗಿ ಟ್ಯಾಂಕ್ ನೋಡುತ್ತಾ ನಿಂತಿದ್ದ. ಹೋಮ್ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮಾಸ್ಟರಿಗೆ ಫೋನ್ ಮಾಡಿ ಕಾರು ನಮ್ಮದೇ ಅಂದೆ. ನಾಳೆ ಡೇ ಕೇರ್‌ಗೆ ಹೋಗಿ ಮಾತಾಡಬೇಕು. ಸೆಕೆಂಡ್ ಗೇರ್ ರಿಪೇರಿಗೆ ಬೇಡಣ್ಣನಿಗೆ —

ಅಮ್ಮ ಕರೆಯುತ್ತಿದ್ದಾಳೆ. ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಾಗಿದೆ. ಹತ್ತೂವರೆ ಕ್ಲಾಸಿನ ಹುಡುಗಿ ಇನ್ನೂ ಬಂದಿಲ್ಲವಂತೆ, ಹೊತ್ತಾಯಿತಂತೆ. ಬಂದೆ ಮೇಡಂ, ಬಂದೆ. ಕೀ ಎಲ್ಲಿಟ್ಟೆ —